ಕತ್ತಿಗೆ ಮೂರು ಸಾಲು ಚಮ್ಕಿ

ಮರಳೂರು, ತುಮಕೂರು
10-5-1959

ರಂಗಲಕ್ಷ್ಮಿಗೆ,

ಈ ಕಾಗದವನ್ನು ಯಾರ ಕೈಯಲ್ಲಾದರೂ ಓದಿಸಿಕೋ. ಓದುತ್ತಿರುವವರು ಯಾರೇ ಆಗಲಿ, ಅವರಿಗೆ ನನ್ನ ನಮಸ್ಕಾರ. ಮಧ್ಯೆ ನಿಲ್ಲಿಸದೆ ಕೊನೆಯವರೆಗೂ ಓದಬೇಕು.

ನಾನು ಅಲಮೇಲು. ಕುಣಿಗಲ್ಲಿನ ಕುದುರೆ ಫಾರಮಿನ ಗುಮಾಸ್ತೆ ಅನಂತರಾಮಯ್ಯನವರ ಮಗಳು. ನೀನು ನಮ್ಮ ಜಗಲಿಯ ಮೇಲೆ ಕೂತು ರವಿಕೆ ಹೊಲಿಯುತ್ತಿದ್ದೆ. ನಾನು ಕಿಟಕಿಯ ಒಳಗಡೆ ಕೂತು ಹರಟುತ್ತಿದ್ದೆ. ನೀನು ಮದುವೆಯಾಗಿ ಹೋದ ಮೇಲೆ ನಾವು ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಸಿ.ಎಸ್. ಪುರದ ಆಂಜನಪ್ಪನ ಮನೆ ಅನ್ನುವುದಷ್ಟೇ ನನಗೆ ನೆನಪಿರುವುದು. ಅಂಚೆಯವನು ಹುಡುಕಿಕೊಂಡು ಬಂದಾನು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಕ್ಕಿ ಚಿತ್ರಗಳು ನಿನಗೆ ಮರೆತಿರಲಾರವು. ಇಂಗ್ಲಿಷ್ ಕುದುರೆ ಡಾಕ್ಟರು ಊರಿಗೆ ಹೊರಟಾಗ ನಮ್ಮ ತಂದೆಗೆ ಕೊಟ್ಟುಹೋದ ದೊಡ್ಡ ಪುಸ್ತಕ. ಹೊಲಿಗೆ ಬಿಟ್ಟು ಹಾಳೆ ಹಾಳೆಯಾಗಿತ್ತು. ತಂದೆ ತೀರಿಕೊಂಡ ಮೇಲೆ ಆ ಹಾಳೆಗಳು ನನ್ನ ಹತ್ತಿರ ಬಂದಿವೆ. ಇಲ್ಲಿಯ ಕಾಲೇಜಿನ ಮೇಷ್ಟ್ರೊಬ್ಬರು ಅವನ್ನು ನೋಡಿ, ನೂರು ವರ್ಷದ ಹಿಂದಿನವು, ನಮ್ಮ ಹುಡುಗರು ನೋಡಲಿ, ಕಾಲೇಜಿಗೆ ಕೊಡಿ ಎಂದು ಕೇಳಿದ್ದಾರೆ. ಕೊಡುತ್ತೇನೆ ಎಂದಿದ್ದೇನೆ. ಆದರೆ ಏಳನೆಯ ಹಾಳೆ ಇಲ್ಲ. ನಿನ್ನ ಮದುವೆಯ ವರ್ಷ ತಂದೆ ನಿನಗೆ ಒಂದು ಚಿತ್ರ ಆರಿಸಿಕೊಳ್ಳಲು ಹೇಳಿದರಲ್ಲ, ಅದೇ ಅದು.

ಅದನ್ನು ಇನ್ನೂ ಇಟ್ಟುಕೊಂಡಿದ್ದೀಯಾ? ಇಲ್ಲದಿದ್ದರೂ ಚಿಂತೆಯಿಲ್ಲ, ನೀನು ಹೇಗಿದ್ದೀಯ ಎಂದಾದರೂ ಬರೆಸು.

ಕಿಟಕಿಯ ಒಳಗಿನ
ಅಲಮೇಲು


ಸಿ.ಎಸ್. ಪುರ
24-5-1959

ಅಲಮೇಲಮ್ಮನವರಿಗೆ ನಿಂಗಮ್ಮ ಮಾಡುವ ನಮಸ್ಕಾರಗಳು.

ತಮ್ಮ ಕಾಗದ ಬಂತು. ಕೊನೆಯವರೆಗೂ ಓದಿದೆ. ನಾನು ರಂಗಲಕ್ಷ್ಮಮ್ಮನ ಮಗಳು. ಅವ್ವ ತೀರಿಕೊಂಡು ಹತ್ತು ವರ್ಷ ಆಯಿತು. ಇದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ನಾನು ಓದಿರುವುದು ನಾಲ್ಕನೆಯ ತರಗತಿ. ತಪ್ಪಿದ್ದರೆ ಮನ್ನಿಸಬೇಕು.

ಅವ್ವ ಹೊಲಿಯುವಾಗ ತಮ್ಮ ಕಿಟಕಿಯ ವಿಷಯ ಹೇಳುತ್ತಿದ್ದಳು. ಅಲಮೇಲು ಅನ್ನುವ ಹೆಸರು ನನಗೆ ಗೊತ್ತು. ಅದು ಕಥೆಯೊಳಗಿನ ಹೆಸರು ಎಂದುಕೊಂಡಿದ್ದೆ.

ಚಿತ್ರ ಇದೆ. ನಮ್ಮ ದೇವರ ಮೂಲೆಯಲ್ಲಿದೆ. ಅದು ಗರುಡ ದೇವರು. ಅವ್ವ ಮದುವೆಯಾಗಿ ಬರುವಾಗಲೇ ಅದಕ್ಕೆ ಕಟ್ಟು ಹಾಕಿಸಿ, ಬಟ್ಟೆ ಉಡಿಸಿ ತಂದಳಂತೆ. ಈ ಕಡೆ ದೇವರ ಪಟಕ್ಕೆ ರೇಷ್ಮೆ ತುಂಡು, ಜರಿ, ಚಮ್ಕಿ ಎಲ್ಲ ಹೊಲಿದು ಅಲಂಕಾರ ಮಾಡುತ್ತಾರಲ್ಲ, ಹಾಗೆ. ರೆಕ್ಕೆಗೆ ಇಟ್ಟಿಗೆ ಬಣ್ಣದ ರೇಷ್ಮೆ, ಎದೆಗೆ ಬಿಳಿ ರೇಷ್ಮೆ, ತಲೆಗೆ ಜರಿಯ ಕಿರೀಟ, ಕತ್ತಿನ ಸುತ್ತ ಚಮ್ಕಿ. ನಮ್ಮಜ್ಜಿ ಚಿಕ್ಕಮಾರಮ್ಮ ಪ್ರತಿ ಶನಿವಾರ ಅದಕ್ಕೆ ಕರ್ಪೂರ ಹಚ್ಚುತ್ತಾಳೆ. ಅಪ್ಪ ಸಂತೆಗೆ ಹೊರಡುವಾಗ ಅದರ ಮುಖ ನೋಡಿಯೇ ಹೊರಡುವುದು.

ಅದನ್ನು ಕೊಡುವ ಮಾತು ನನ್ನ ಕೈಯಲ್ಲಿಲ್ಲ. ಅಜ್ಜಿಯನ್ನು ಕೇಳುವ ಧೈರ್ಯವೂ ಇಲ್ಲ. ಅವ್ವನ ಮೇಲೆ ಅಜ್ಜಿಗೆ ಅಷ್ಟು ಸಮಾಧಾನ ಇರಲಿಲ್ಲ. ಈಗಲೂ ಏನಾದರೂ ಕೆಟ್ಟರೆ, “ಎಲ್ಲ ನಿಮ್ಮವ್ವ ಕಾಲಿಟ್ಟ ಗಳಿಗೆ” ಅನ್ನುತ್ತಾಳೆ. ಆದರೆ ಪಟದ ಮುಂದೆ ನಿಂತಾಗ ಮಾತ್ರ, “ಆ ತಾಯಿ ತಂದಿದ್ದರಲ್ಲಿ ಶುಭ ಅನ್ನೋದು ಇದೊಂದೇ ಕಣೇ” ಅನ್ನುತ್ತಾಳೆ. ಅದಕ್ಕೇ ಆ ಪಟ ಅಲ್ಲಿರಬೇಕು.

ಒಂದು ಮಾತು ಕೇಳಬಹುದೇ? ಹಕ್ಕಿ ಕೂತಿರುವ ಬಂಡೆಯ ಮೇಲೆ ಬಟ್ಟೆ ಇಲ್ಲ. ಅಲ್ಲಿಯ ಬಣ್ಣ ಅಂಗಡಿ ಪಟದ ಬಣ್ಣದ ಹಾಗಿಲ್ಲ. ಹತ್ತಿರದಿಂದ ನೋಡಿದರೆ ಕುಂಚ ಎಳೆದ ಗುರುತು ಕಾಣುತ್ತದೆ. ಅದು ಅಚ್ಚಿನದೋ, ಕೈಯಲ್ಲಿ ಹಾಕಿದ್ದೋ? ಕೈಯಲ್ಲಿ ಹಾಕಿದ್ದರೆ ಹಾಕಿದವರು ಯಾರು?

ನಿಂಗಮ್ಮ


ಮರಳೂರು
3-6-1959

ಚಿ. ನಿಂಗಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದ ದಿನ ಒಲೆ ಹಚ್ಚಲಿಲ್ಲ. ನಮ್ಮವರು ಜ್ವರವೇ ಎಂದು ಕೇಳಿದರು. ಅದರ ಬಗ್ಗೆ ಇಷ್ಟು ಸಾಕು.

ನೀನು ಕೇಳಿದ್ದಕ್ಕೆ ಉತ್ತರ. ನಾನೂ ಚಿಕ್ಕವಳಿದ್ದಾಗ ಇದನ್ನೇ ನಮ್ಮ ತಂದೆಯನ್ನು ಕೇಳಿದ್ದೆ. ಚಿತ್ರ ಬರೆಯುವವನು ನುಣುಪಾದ ಕಲ್ಲಿನ ಮೇಲೆ ಹಕ್ಕಿಯನ್ನು ಬರೆಯುತ್ತಾನೆ. ಆ ಕಲ್ಲಿನಿಂದ ಕಾಗದದ ಮೇಲೆ ಅಚ್ಚು ತೆಗೆಯುತ್ತಾರೆ. ಅಚ್ಚು ಬರುವುದು ಬರೀ ಕಪ್ಪಿನಲ್ಲಿ. ಆಮೇಲೆ ಬಣ್ಣ ಹಾಕುವವರು ಸಾಲಾಗಿ ಕೂರುತ್ತಾರೆ. ಎದುರಿಗೆ ಬಣ್ಣ ಹಾಕಿದ ಮಾದರಿ ಒಂದನ್ನು ಇಟ್ಟಿರುತ್ತಾರೆ. ಅದನ್ನು ನೋಡಿಕೊಂಡು ಒಂದೊಂದು ಹಾಳೆಗೂ ಕುಂಚದಿಂದ ಬಣ್ಣ. ಅವರಲ್ಲಿ ಹೆಂಗಸರೂ ಹೆಣ್ಣುಮಕ್ಕಳೂ ಬಹಳ ಇರುತ್ತಿದ್ದರಂತೆ. ಹಾಳೆಯ ಕೆಳಗೆ ಬರೆದವನ ಹೆಸರಿದೆ, ಅಚ್ಚು ಹಾಕಿದವನ ಹೆಸರಿದೆ. ಬಣ್ಣ ಹಾಕಿದವರ ಹೆಸರು ಎಲ್ಲಿಯೂ ಇಲ್ಲ. ನಮ್ಮ ದೇಶದ ಹಕ್ಕಿಗೆ ಬಣ್ಣ ಹಾಕುವಾಗ ಅವರಲ್ಲಿ ಯಾರೂ ಆ ಹಕ್ಕಿಯನ್ನು ಕಂಡಿರಲಿಕ್ಕಿಲ್ಲ.

ಈಗ ನಾನೊಂದು ಕೇಳುತ್ತೇನೆ. ಗರುಡನ ಹಾಳೆ ಹನ್ನೊಂದನೆಯದು. ಅದು ನನ್ನ ಹತ್ತಿರವೇ ಇದೆ, ಈ ಕಾಗದ ಬರೆಯುವ ಮೊದಲು ತೆಗೆದು ನೋಡಿದೆ. ಹಾಗಾದರೆ ನಿಮ್ಮ ಮನೆಯಲ್ಲಿರುವುದು ಯಾವ ಹಕ್ಕಿ? ನನಗೆ ಗೊತ್ತಿದೆ. ಆದರೆ ನಾನು ಹೇಳಬಹುದೋ ಬಾರದೋ ತಿಳಿಯದು. ಬಟ್ಟೆ ಬಿಚ್ಚಬೇಡ. ಬಟ್ಟೆ ಇಲ್ಲದ ಕಡೆ ಏನೇನು ಕಾಣುತ್ತದೆ ಎಂದು ಮಾತ್ರ ನೋಡಿ ಬರೆ.

ಅಲಮೇಲಮ್ಮ


ಸಿ.ಎಸ್. ಪುರ
14-6-1959

ಅಲಮೇಲಮ್ಮನವರಿಗೆ ನಮಸ್ಕಾರಗಳು.

ಹುಟ್ಟಿದಾಗಿನಿಂದ ನೋಡಿದ ಪಟ. ಈಗ ಅದನ್ನು ನೋಡಲು ಭಯವಾಗುತ್ತದೆ.

ಬಟ್ಟೆ ಇಲ್ಲದ ಕಡೆ ಕಾಣುವುದು ಕೊಕ್ಕು, ಒಂದು ಕಣ್ಣು, ಕಾಲು, ಬಂಡೆ. ಕಣ್ಣು ಒದ್ದೆಯಾಗಿರುವ ಹಾಗೆ ಹೊಳೆಯುತ್ತದೆ. ಉಳಿದ ಯಾವ ಕಡೆಯೂ ಆ ಹೊಳಪಿಲ್ಲ. ಕೊಕ್ಕು ಉದ್ದ, ತುದಿಯಲ್ಲಿ ಬಾಗಿದೆ. ಕಾಲನ್ನು ನಾನು ಇಷ್ಟು ದಿನ ನೋಡಿರಲೇ ಇಲ್ಲ. ಅಗಲವಾಗಿ ಊರಿದ ಕಾಲು, ಮೊಂಡು ಉಗುರು. ನಮ್ಮ ಕೋಳಿ ನಿಂತ ಹಾಗಿದೆ.

ನಾಲ್ಕು ದಿನ ಸಾಯಂಕಾಲ ಬಟ್ಟೆ ಒಗೆಯುವ ನೆಪದಲ್ಲಿ ಕೆರೆಗೆ ಹೋದೆ. ಕೆರೆಯ ಮೇಲೆ ಗರುಡ ಬರುತ್ತದೆ. ಕೈ ಮುಗಿದೆ, ಮುಗಿದುಕೊಂಡೇ ಕಾಲು ನೋಡಿದೆ. ಒಂದು ಸಲ ಅದು ನೀರಿಗೆ ಇಳಿದು ಮೀನು ಎತ್ತಿಕೊಂಡು ನನ್ನ ತಲೆಯ ಮೇಲೇ ಹಾರಿತು. ಅದರ ಉಗುರು ಕುಡುಗೋಲಿನ ಹಾಗೆ. ಮೀನು ಜಾರುವ ಮಾತೇ ಇಲ್ಲ. ಕತ್ತು ಮೋಟು, ತಲೆ ಎದೆಯ ಮೇಲೇ ಕೂತ ಹಾಗೆ. ನಮ್ಮ ಪಟದ ಹಕ್ಕಿಗೆ ಚಮ್ಕಿಯ ಕೆಳಗೆ ಗೇಣುದ್ದದ ಕತ್ತಿದೆ.

ಮನೆಗೆ ಬಂದು ಮತ್ತೆ ಪಟದ ಮುಂದೆ ನಿಂತಿದ್ದೆ. ಅಜ್ಜಿ ಒಲೆಯ ಮುಂದಿನಿಂದ, “ಏನೇ ಅಂಗ್ ಕಣ್ ಕಿಸ್ಕಂಡು ನೋಡ್ತೀಯ? ದೇವ್ರಿಗೇ ದೃಷ್ಟಿ ಹಾಕ್ತೀಯೇನೇ?” ಅಂದಳು. “ಇಲ್ಲ ಕಣಜ್ಜಿ, ಚಮ್ಕಿ ಮಾಸೈತೆ” ಅಂದೆ. “ದೇವ್ರ ಚಮ್ಕಿ ಮಾಸ್ಲಿ ಬುಡು. ರಾಗಿ ಬೀಸೋರ್ ಯಾರು? ಅವ್ನು ಇಳಿದು ಬಂದು ಬೀಸ್ತಾನಾ?” ಅಂದಳು.

ಕತ್ತು ಉದ್ದ, ಕಾಲು ಮೊಂಡು, ಬಂಡೆಯ ಮೇಲೆ ಕೂರುವ ಹಕ್ಕಿ ಯಾವುದೆಂದು ನನಗೂ ಅಂದಾಜಿದೆ. ನಾನು ಅದರ ಹೆಸರು ಬರೆಯುವುದಿಲ್ಲ. ತಾವು ಬರೆಯಿರಿ. ಕಾಗದವನ್ನು ಬೇರೆ ಯಾರೂ ಓದುವುದಿಲ್ಲ, ಈ ಮನೆಯಲ್ಲಿ ಓದು ಬರುವವಳು ನಾನೊಬ್ಬಳೇ.

ನಿಂಗಮ್ಮ


ಮರಳೂರು
29-6-1959

ಚಿ. ನಿಂಗಮ್ಮ,

ನಿನ್ನ ಅಂದಾಜು ಸರಿ. ಏಳನೆಯ ಹಾಳೆ ರಣಹದ್ದು.

ಇದನ್ನು ಬರೆಯಲು ಎರಡು ವಾರ ಬೇಕಾಯಿತು. ನಮ್ಮವರು ಇದಕ್ಕೊಂದು ಉಪಾಯ ಹೇಳಿದರು. ಇಲ್ಲಿಯ ಅಂಗಡಿಯಲ್ಲಿ ಒಳ್ಳೆಯ ಗರುಡವಾಹನದ ಪಟ ಸಿಗುತ್ತದೆ, ಅದನ್ನು ಕಟ್ಟು ಹಾಕಿಸಿ ಕಳಿಸೋಣ, ಆ ಮುದುಕಮ್ಮನಿಗೆ ನಿಜವಾದ ದೇವರು ಸಿಕ್ಕ ಹಾಗಾಯಿತು, ಕಾಲೇಜಿಗೆ ಏಳನೆಯ ಹಾಳೆ ಸಿಕ್ಕ ಹಾಗಾಯಿತು ಎಂದು. ಲೆಕ್ಕ ಸರಿಯಾಗಿದೆ. ಆದರೆ ನಿಮ್ಮಜ್ಜಿ ಯಾಕೆ ಎಂದು ಕೇಳುತ್ತಾರೆ. ಆಗ ನೀನು ಏನು ಹೇಳುತ್ತೀಯ?

ಮನೆಯ ಮೇಲೆ ರಣಹದ್ದು ಕೂತರೆ ಆ ಮನೆ ಬಿಟ್ಟು ಹೋಗುವ ಜನ ನಾವು. ಅದನ್ನು ಮನೆಯೊಳಗೆ ಕೂರಿಸಿ ಕರ್ಪೂರ ಹಚ್ಚಿದ್ದು ತಿಳಿದರೆ ಚಿತ್ರ ಏನಾಗುತ್ತದೋ, ನಿಮ್ಮ ತಾಯಿಯ ಹೆಸರು ಏನಾಗುತ್ತದೋ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಮೇಷ್ಟ್ರಿಗೆ ಏಳನೆಯದು ಕಳೆದುಹೋಗಿದೆ ಎಂದು ಹೇಳಿಬಿಡುತ್ತೇನೆ. ಅವರು ಬೇಸರ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಕಣ್ಣಿನ ಹೊಳಪು ಗೋಂದಿನದು. ಬಣ್ಣವೆಲ್ಲ ಒಣಗಿದ ಮೇಲೆ ಕಣ್ಣಿಗೊಂದು ಹನಿ ಗೋಂದು ಇಡುತ್ತಿದ್ದರು. ಹಕ್ಕಿಗೆ ಜೀವ ಬರುವುದು ಕೊನೆಯಲ್ಲಿ.

ಅಲಮೇಲಮ್ಮ


ಸಿ.ಎಸ್. ಪುರ
26-7-1959

ಅಲಮೇಲಮ್ಮನವರಿಗೆ ನಮಸ್ಕಾರಗಳು.

ತಮ್ಮ ಕಾಗದಕ್ಕೆ ಉತ್ತರ ಬರೆಯಬಾರದು, ಇಲ್ಲಿಗೇ ಬಿಡೋಣ ಎಂದುಕೊಂಡಿದ್ದೆ. ಮಳೆ ಬಿಡಲಿಲ್ಲ.

ಹೋದ ವಾರ ದೇವರ ಮೂಲೆಯಲ್ಲಿ ಹೆಂಚು ಜಾರಿ, ಗೋಡೆಯ ಮೇಲೆ ನೀರು ಇಳಿದು, ಪಟದ ಗಾಜಿನೊಳಗೆ ಬೂಷ್ಟು ಬಂತು. ಬಿಳಿ ರೇಷ್ಮೆ ಹಸಿರಾಯಿತು. ಅಪ್ಪ ಹೆಂಚು ಸರಿ ಮಾಡಿದರು. ಅಜ್ಜಿ ತಾನೇ ಪಟವನ್ನು ಇಳಿಸಿ ನನ್ನ ಮಡಿಲಿಗೆ ಹಾಕಿ, “ಶ್ರಾವಣ ಶನಿವಾರ ಬರೋ ಹೊತ್ಗೆ ದೇವ್ರಿಗೆ ಹೊಸಾ ಬಟ್ಟೆ ಇಕ್ಬುಡು. ನಿಮ್ಮವ್ವನ ಕೈ ನಿಂಗೆ ಬಂದೈತೆ” ಅಂದಳು. ನಾನು ಮೊಳೆ ಕೀಳುವಾಗ ಎದ್ದು ನಿಂತು, “ದೇವ್ರು ಬಟ್ಟೆ ಬದಲಾಯಿಸೋವಾಗ ನೋಡಬಾರ್ದು ಕಣವ್ವ” ಎಂದು ಬಾಗಿಲು ಎಳೆದುಕೊಂಡು ಹಿತ್ತಲಿಗೆ ಹೋದಳು.

ಹೊಲಿಗೆ ಬಿಚ್ಚಿದೆ. ಮೊದಲು ರೆಕ್ಕೆ, ಆಮೇಲೆ ಎದೆ. ಕತ್ತನ್ನು ಕೊನೆಗೆ ಉಳಿಸಿಕೊಂಡೆ. ಅಸಹ್ಯವಾಗಿರುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅಸಹ್ಯ ಇರಲಿಲ್ಲ. ಕಂದು ಅಂದರೆ ಒಂದೇ ಬಣ್ಣ ಎಂದುಕೊಂಡಿದ್ದೆ. ಇಲ್ಲಿ ರಾಗಿ ಹಿಟ್ಟಿನ ಕಂದು, ಹುಣಸೆಹಣ್ಣಿನ ಕಂದು, ಬೆಲ್ಲದ ಕಂದು, ಒಣಗಿದ ತೆಂಗಿನ ಗರಿಯ ಕಂದು ಎಲ್ಲ ಇವೆ. ಒಂದೊಂದು ಗರಿಯ ಅಂಚಿಗೂ ತೆಳ್ಳನೆಯ ಬೆಳಕು. ಕತ್ತು ಬೋಳು. ಅದರ ಮೇಲೆ ಎಳೆಗೂಸಿನ ತಲೆಯ ಹಾಗೆ ನವುರು ಕೂದಲು, ಕತ್ತಿನ ಬುಡದಲ್ಲಿ ಬಿಳಿ ತುಪ್ಪಳ. ಬಟ್ಟೆಯ ಕೆಳಗೆ ಬೆಳಕು ಬೀಳದೆ ಇದ್ದದ್ದರಿಂದಲೋ ಏನೋ, ಬಂಡೆಯ ಬಣ್ಣ ಮಾಸಿದೆ, ಹಕ್ಕಿಯದು ಮಾಸಿಲ್ಲ. ಬೂಷ್ಟು ರೇಷ್ಮೆಯಲ್ಲೇ ನಿಂತಿದೆ. ಇದಕ್ಕೆ ಬಣ್ಣ ಹಾಕಿದವಳು ಹಕ್ಕಿಯನ್ನು ಕಂಡಿರಲಿಲ್ಲ ಅಂತೀರಿ. ಕಾಣದ ಹಕ್ಕಿಯ ಮೇಲೆ ಅವಳಿಗೆ ಇಷ್ಟು ಅಕ್ಕರೆ ಎಲ್ಲಿಂದ ಬಂತು?

ಹಾಳೆಯನ್ನು ಕಿಟಕಿಗೆ ಹಿಡಿದೆ. ಅವ್ವ ಹೊಲಿದ ಸೂಜಿಯ ತೂತುಗಳೆಲ್ಲ ಬೆಳಕಾದವು. ಹಕ್ಕಿಯ ಅಂಚು ಬಿಟ್ಟು ಒಂದು ತೂತೂ ಆಚೀಚೆ ಹೋಗಿಲ್ಲ.

ಅಂದರೆ ಅವ್ವ ಸರಿಯಾಗಿ ನೋಡಿಯೇ ಹೊಲಿದಿದ್ದಾಳೆ. ಇದು ಯಾವ ಹಕ್ಕಿ ಎಂದು ಅವಳಿಗೆ ಗೊತ್ತಿತ್ತು. ಬೋಳು ಕತ್ತು ಕಾಣಬಾರದೆಂದೇ ಅಲ್ಲಿ ಅಷ್ಟು ಚಮ್ಕಿ. ತಮ್ಮ ಮನೆಯಲ್ಲಿ ನವಿಲಿನ ಚಿತ್ರ ಇತ್ತು, ಗಿಣಿ ಇತ್ತು ಎಂದು ಅವಳೇ ಹೇಳುತ್ತಿದ್ದಳು. ಎಲ್ಲ ಬಿಟ್ಟು ಇದನ್ನೇ ಯಾಕೆ ಆರಿಸಿಕೊಂಡಳು? ತಾವು ಅಲ್ಲಿದ್ದಿರಿ. ನೆನಪು ಮಾಡಿಕೊಂಡು ಬರೆಯಿರಿ. ಶ್ರಾವಣ ಶನಿವಾರದೊಳಗೆ ನಾನು ಮತ್ತೆ ಹೊಲಿಯಬೇಕು. ಇದು ತಿಳಿಯದೆ ಸೂಜಿ ಹಿಡಿಯಲು ಕೈ ಬರುತ್ತಿಲ್ಲ.

ನಿಂಗಮ್ಮ


ಮರಳೂರು
30-7-1959

ಚಿ. ನಿಂಗಮ್ಮ,

ನಿನ್ನ ಕಾಗದ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ.

ನಿಮ್ಮ ತಾಯಿ ಹುಟ್ಟಿದ ದಿನವೇ ಅವಳ ತಾಯಿ ಹೋದರು. ಅದನ್ನು ನೀನು ಕೇಳಿರಬಹುದು. ಕುಣಿಗಲ್ಲಿನಲ್ಲಿ ಬೆಳಿಗ್ಗೆ ಅವಳು ಎದುರಿಗೆ ಬಂದರೆ ಕೆಲವರು ಚಪ್ಪಲಿ ಬಿಟ್ಟು ಒಂದು ಗಳಿಗೆ ಕೂತು ಆಮೇಲೆ ಹೊರಡುತ್ತಿದ್ದರು. ಅದು ಅವಳ ಕಣ್ಣಿಗೆ ಬೀಳುವ ಹಾಗೆಯೇ ಮಾಡುತ್ತಿದ್ದರು. ಅವಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

ತಂದೆ ಹಾಳೆಗಳನ್ನೆಲ್ಲ ಜಗಲಿಯ ಮೇಲೆ ಹರಡಿ, “ನಿನ್ನ ಮದುವೆಗೆ ಒಂದು ತಗೋಳಮ್ಮ, ಯಾವುದಾದ್ರೂ ಸರಿ” ಅಂದರು. ಅವಳು ಒಂದೊಂದನ್ನೂ ನೋಡಿದಳು. ಎಷ್ಟು ಹೊತ್ತು ನೋಡಿದಳು ಅಂದರೆ ನಮ್ಮ ತಾಯಿ ಒಳಗಿನಿಂದ, “ಅದೇನು ಸೀರೆ ಅಂಗಡೀನೇ?” ಎಂದು ಕೂಗಿದರು. ಕೊನೆಗೆ ಆ ಹದ್ದನ್ನು ಎತ್ತಿಕೊಂಡಳು. ನಾನು ಕಿಟಕಿಯಿಂದ, “ಥೂ, ಅದ್ಯಾಕೇ? ನವಿಲು ತಗೋಳೇ” ಅಂದೆ.

ಅವಳು ಅಂದದ್ದು ಇಷ್ಟು: “ನವಿಲನ್ನ ಯಾರಾದ್ರೂ ಇಟ್ಕೊತಾರೆ ಕಣವ್ವ. ಇದನ್ನ ಯಾರೂ ಮನೆ ಮೇಲೂ ಕೂರಕ್ಕೆ ಬುಡಲ್ಲ. ನಾನು ಒಳಕ್ಕೇ ಕರ್ಕೊಂಡು ಹೋಗ್ತೀನಿ.”

ನಾನು ತಮಾಷೆ ಎಂದುಕೊಂಡು ನಕ್ಕೆ. ಅವಳೂ ನಕ್ಕಳು. ಅದಕ್ಕೆ ಬಟ್ಟೆ ಉಡಿಸಿದ್ದು ನನಗೆ ಗೊತ್ತೇ ಇರಲಿಲ್ಲ, ನಿನ್ನ ಕಾಗದದಿಂದಲೇ ತಿಳಿದದ್ದು.

ಗುಬ್ಬಿ ಬಸ್ಸಿನ ಕಂಡಕ್ಟರ್ ಚನ್ನಬಸವಯ್ಯನವರ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದೇನೆ. ನಿಮ್ಮ ಅಪ್ಪ ಗುಬ್ಬಿಗೆ ಹೋದಾಗ ತೆಗೆದುಕೊಳ್ಳಲಿ. ಅದರಲ್ಲಿ ಬಿಳಿ ರೇಷ್ಮೆ ಇದೆ, ಅದು ನನ್ನ ಮದುವೆಯ ರವಿಕೆಯದು, ಹೊಲಿದವಳು ನಿಮ್ಮ ತಾಯಿ. ನನ್ನ ಮಗಳ ಬಣ್ಣದ ಡಬ್ಬಿ ಇದೆ, ಎರಡು ಕುಂಚ ಇವೆ. ಏಳನೆಯ ಹಾಳೆಯ ಅಳತೆಗೆ ಕತ್ತರಿಸಿದ ದಪ್ಪ ಕಾಗದ ಇದೆ. ಯಾಕೆ ಕಳಿಸಿದ್ದೇನೆ ಎಂದು ನಾನು ಬರೆಯುವುದಿಲ್ಲ. ಏನೂ ಮಾಡದಿದ್ದರೂ ಸರಿಯೇ.

ಅಲಮೇಲು


ಸಿ.ಎಸ್. ಪುರ
9-8-1959

ಅಲಮೇಲಮ್ಮನವರಿಗೆ ನಿಂಗಮ್ಮನ ನಮಸ್ಕಾರಗಳು.

ಇದರ ಜೊತೆಗೆ ಸುರುಳಿ ಸುತ್ತಿ ಕಳಿಸಿರುವುದು ನಾನು ಮಾಡಿದ ಹಾಳೆ. ನಗಬೇಡಿ.

ನನಗೆ ಹಕ್ಕಿ ಬರೆಯಲು ಬರುವುದಿಲ್ಲ. ಆದರೆ ಬಾಗಿಲಿಗೆ ರಂಗೋಲಿ ಹಾಕುವಾಗ ತೂತಿನ ಡಬ್ಬಿ ಉರುಳಿಸುತ್ತೇವಲ್ಲ, ಅದು ನೆನಪಾಯಿತು. ತಮ್ಮ ದಪ್ಪ ಕಾಗದದ ಮೇಲೆ ಅವ್ವನ ಹಾಳೆಯನ್ನು ಕವುಚಿ ಇಟ್ಟೆ. ಇದ್ದಿಲನ್ನು ನುಣ್ಣಗೆ ಅರೆದು ಬಟ್ಟೆಯಲ್ಲಿ ಕಟ್ಟಿ, ಸೂಜಿಯ ತೂತುಗಳ ಮೇಲೆ ಮೆಲ್ಲಗೆ ತಟ್ಟಿದೆ. ಎತ್ತಿ ನೋಡಿದರೆ ಹಕ್ಕಿ ಚುಕ್ಕಿ ಚುಕ್ಕಿಯಾಗಿ ಕೆಳಗೆ ಇಳಿದಿತ್ತು. ಚುಕ್ಕಿ ಸೇರಿಸುವುದು ನನಗೆ ಬರುತ್ತದೆ. ತೂತಿಲ್ಲದ ಕೊಕ್ಕು, ಕಣ್ಣು, ಕಾಲು, ಬಂಡೆಯನ್ನು ಮಾತ್ರ ನೋಡಿಕೊಂಡು ಎಳೆದೆ. ಕವುಚಿ ಇಟ್ಟದ್ದರಿಂದ ತಮ್ಮ ಹಕ್ಕಿ ಎಡಕ್ಕೆ ನೋಡುತ್ತಿದೆ, ನಮ್ಮದು ಬಲಕ್ಕೆ. ಮುಖದ ಮೇಲೆ ಇದ್ದಿಲು ಬೀಳಬಾರದೆಂದು ಹಾಗೆ ಮಾಡಿದೆ.

ಬಣ್ಣಕ್ಕೆ ಮೂರು ದಿನ ಹಿಡಿಯಿತು. ಕಂದು ಸಾಲದೆ ಬಂದಾಗ ಡಬ್ಬಿಯ ಕೆಂಪಿಗೆ ಸ್ವಲ್ಪ ಹಸಿರು ಬೆರೆಸಿ ನೋಡಿದೆ. ಹುಣಸೆಹಣ್ಣಿನ ಕಂದು ಬಂತು. ಯಾರೂ ಹೇಳಿಕೊಡಲಿಲ್ಲ, ಆ ಸಂತೋಷವನ್ನು ಯಾರಿಗೆ ಹೇಳಲಿ ಎಂದು ತಮಗೆ ಬರೆಯುತ್ತಿದ್ದೇನೆ. ಕತ್ತನ್ನು ಮುಚ್ಚಿಲ್ಲ. ಕೊನೆಗೆ ಜಾಲಿ ಮರದ ಗೋಂದು ಕರಗಿಸಿ ಕಣ್ಣಿಗೆ ಒಂದು ಹನಿ ಇಟ್ಟೆ. ಇಟ್ಟ ಕೂಡಲೇ ಅದು ನನ್ನನ್ನು ನೋಡಿತು. ಬಣ್ಣ ಹಾಕಿದವರ ಹೆಸರು ಹಾಕುವ ಪದ್ಧತಿ ಇಲ್ಲ ಅಂದಿರಿ. ನಾನೂ ಹಾಕಿಲ್ಲ. ಅಸಲು ಹಾಳೆ ಎಲ್ಲಿದೆ ಎಂದು ಮೇಷ್ಟ್ರು ಕೇಳಿದರೆ ಒಂದು ಮನೆಯಲ್ಲಿ ಕೂತಿದೆ ಎಂದು ಹೇಳಿ.

ಶುಕ್ರವಾರ ಅವ್ವನ ಹಾಳೆಗೆ ಮತ್ತೆ ಬಟ್ಟೆ ಉಡಿಸಿದೆ. ಒಂದೇ ಒಂದು ಹೊಸ ತೂತು ಮಾಡಲಿಲ್ಲ, ಎಲ್ಲ ಅವಳದೇ. ರೆಕ್ಕೆಯ ರೇಷ್ಮೆ ಚೆನ್ನಾಗಿತ್ತು, ಒಣಗಿಸಿ ಅದನ್ನೇ ಹಾಕಿದೆ. ಎದೆಗೆ ತಮ್ಮ ಬಿಳಿ ರೇಷ್ಮೆ. ಚಮ್ಕಿ ಮಾತ್ರ ತುಕ್ಕು ಹಿಡಿದು ಅರ್ಧ ಉದುರಿತ್ತು. ಉಳಿದದ್ದರಲ್ಲಿ ಕತ್ತಿಗೆ ಎರಡು ಸಾಲು ಆಯಿತು. ಗಾಜು ಇಡುವ ಹೊತ್ತಿಗೆ ಅಜ್ಜಿ ಹಿತ್ತಲಿನಿಂದ ಬಂದು ನನ್ನ ಪಕ್ಕದಲ್ಲಿ ಕೂತಳು. ಪಟವನ್ನು ನೋಡುತ್ತಿದ್ದಳು. ಆಮೇಲೆ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಅದರ ತಳದಿಂದ ಒಂದು ಪುಟ್ಟ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟಳು. ಹೊಸ ಚಮ್ಕಿ. ಸಂತೆಯಿಂದ ಯಾವಾಗ ತರಿಸಿದ್ದಳೋ.

“ಗಾಜು ಇಕ್ಬ್ಯಾಡ, ಇರು” ಅಂದಳು. “ಕತ್ತಿಗೆ ಇನ್ನೊಂದು ಸಾಲು ಹಾಕು. ನಿಮ್ಮವ್ವ ಅಲ್ಲಿ ಮೂರು ಸಾಲು ಹಾಕಿದ್ಲು. ಬಂದೋರು ಹೋದೋರು ನೋಡ್ಬುಟ್ಟಾರು.”

ನಾನು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ. ಅಜ್ಜಿ ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ದಾರದ ತುದಿಯನ್ನು ತುಟಿಗೆ ಒತ್ತಿ, ತಾನೇ ಪೋಣಿಸಿ ಕೊಟ್ಟಳು.

ನಿನ್ನೆ ಶನಿವಾರ. ಅದರ ಮುಂದೆ ಎಂದಿನ ಹಾಗೆ ಕರ್ಪೂರ ಹಚ್ಚಿದಳು.

ರಂಗಲಕ್ಷ್ಮಮ್ಮನ ಮಗಳು
ನಿಂಗಮ್ಮ